ಪ್ರಾರ್ಥನೆಗೆ ಉತ್ತರ ಬರದಿದ್ದರೆ ವಿಶ್ವಾಸ ಕಡಿಮೆಯೇ?

‘ಪೂರ್ಣ ವಿಶ್ವಾಸದಿಂದ ಬೇಡಿದರೆ ಕೇಳಿದ್ದು ಸಿಕ್ಕೇ ಸಿಗುತ್ತದೆ’ ಎಂಬ ಮಾತನ್ನು ಒಪ್ಪಲಾರೆ. ಹಾಗೆನ್ನುವವರು ಬೈಬಲಿನ ಮಾರ್ಕನ ಸುವಾರ್ತೆ 11:24ನ್ನು ಆಧಾರ ಮಾಡಿಕೊಳ್ಳುತ್ತಾರೆ. ಮೂರೇ ಅಧ್ಯಾಯ ಮುಂದೆ, 14:36ರಲ್ಲಿ, ಸಂಕಟದ ಪಾತ್ರೆಯನ್ನು ತೊಲಗಿಸೆಂದು, ಶಿಲುಬೆಗೇರುವ ಮುನ್ನ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯೇ ಬೇಡಿಕೊಂಡರು, ಅದು ತೊಲಗಲಿಲ್ಲ. ಶರೀರದಲ್ಲಿ ನಾಟಿದ್ದ ಶೂಲ ತೆಗೆಯೆಂದು ಅಪೊಸ್ತಲ ಪೌಲ ಮೂರು ಸಲ ಮೊರೆಯಿಟ್ಟ. ಸಿಕ್ಕಿದ್ದು ಕೃಪೆ, ಶೂಲ ಹೋಗಲಿಲ್ಲ. ಇವರ ವಿಶ್ವಾಸದಲ್ಲಿ ಕೊರತೆಯಿತ್ತೇ?

ದೇವರ ಪ್ರೀತಿಯಲ್ಲಿ ಭರವಸೆಯಿಡುವುದನ್ನು ಕಲಿಯಲು ಬೈಬಲಿನ 13ನೇ ಕೀರ್ತನೆ ಸಾಕು, ಆರೇ ವಚನ. ಮೊದಲೆರಡರಲ್ಲಿ ‘ಎಷ್ಟರವರೆಗೆ’ ಎಂಬ ದೂರು ನಾಲ್ಕು ಸಲ. 3, 4ರಲ್ಲಿ ಬೇಡಿಕೆ. ಭರವಸೆಯ ಮಾತು ಬರುವುದು 5ರಲ್ಲಿ. ಪ್ರಾರ್ಥನಾ ಕೂಟಗಳಲ್ಲಿ ನಾವು ನೇರ 5ಕ್ಕೇ ಹಾರುತ್ತೇವೆ, ಅಳುತ್ತಿರುವವರ ಬಾಯಲ್ಲೂ ‘ಸ್ತೋತ್ರ’ ಹೇಳಿಸುತ್ತೇವೆ! ಹೇಳದೆ ನುಂಗಿದ ದೂರು ಒಳಗೇ ಉಳಿದು, ಕೊನೆಗೆ ಪ್ರಾರ್ಥನೆಯೇ ನಿಂತುಹೋಗುತ್ತದೆ. ಪ್ರತಿ ‘ಎಷ್ಟರವರೆಗೆ’ಯ ಬಳಿ ನಿಂತು, ನಿಮ್ಮ ಸಾಲವನ್ನೋ ಕಾಯಿಲೆಯನ್ನೋ ಹೆಸರಿಟ್ಟು ಹೇಳಿ, ಆಮೇಲೆ ಮುಂದಕ್ಕೆ ಹೋಗಿ. ಐದನೆಯದು ಬಾಯಿಗೆ ಬಾರದ ದಿನ 88ನೇ ಕೀರ್ತನೆ ತೆರೆಯಿರಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಆದರೆ ಮೊದಲ ವಚನದಲ್ಲಿ ಕರೆಯುವುದು ‘ರಕ್ಷಿಸುವ ದೇವರೇ’ ಎಂದೇ. ಆ ದಿನಕ್ಕೆ ಅಷ್ಟು ಹೇಳಿದರೂ ಆಯಿತು.