ಸತ್ಯಾಂಶ: ಬ್ರೌಸರ್‌ನಲ್ಲಿ ಚಿತ್ರ ಕಾಣದಿದ್ದರೆ ಲ್ಯಾಪ್‌ಟಾಪ್ ಕೆಟ್ಟಿದೆಯೇ?

‘ಹೊಸ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಚಿತ್ರಗಳು ಕಾಣದಿದ್ದರೆ ಗ್ರಾಫಿಕ್ಸ್ ಚಿಪ್ ಕೆಟ್ಟಿದೆ, ಕೂಡಲೇ ವಾಪಸ್ ಕೊಡಿ’ ಎಂಬ ಸಂದೇಶ ಹರಿದಾಡುತ್ತಿದೆ. ಅವಸರ ಬೇಡ. ಲ್ಯಾಪ್‌ಟಾಪ್‌ನಲ್ಲೇ ಇರುವ ಒಂದು ಫೋಟೊ ತೆರೆಯಿರಿ. ಅದು ಸರಿಯಾಗಿ ಕಂಡರೆ, ತೆರೆಯಲ್ಲಿ ಚಿತ್ರ ಮೂಡಿಸುವ ಆ ಚಿಪ್ ಮೇಲೆ ಅನುಮಾನ ಪಡಲು ಕಾರಣವಿಲ್ಲ.

ವೆಬ್ ಪುಟದ ಅಕ್ಷರ, ಚಿತ್ರ ಒಟ್ಟಿಗೆ ಬರುವುದಿಲ್ಲ. ಚಿತ್ರಗಳನ್ನು ಬ್ರೌಸರ್ ಪ್ರತ್ಯೇಕವಾಗಿ, ಎಷ್ಟೋ ಸಲ ಬೇರೆಯೇ ಸರ್ವರ್‌ನಿಂದ ತರಿಸಿಕೊಳ್ಳುತ್ತದೆ. ಜಾಹೀರಾತು ತಡೆಯಲು ಬ್ರೌಸರ್‌ಗೆ ಸೇರಿಸಿಕೊಂಡ ಪುಟ್ಟ ತಂತ್ರಾಂಶ, ಅಂದರೆ ಎಕ್ಸ್‌ಟೆನ್ಷನ್ ಅಡ್ಡ ಬರುವುದು ಇಲ್ಲೇ. ಖಾಸಗಿ, ಅಂದರೆ ಇನ್‌ಕಾಗ್ನಿಟೊ ವಿಂಡೋದಲ್ಲಿ (ಅಲ್ಲಿ ಎಕ್ಸ್‌ಟೆನ್ಷನ್‌ಗಳು ಸಾಮಾನ್ಯವಾಗಿ ಓಡುವುದಿಲ್ಲ) ಅದೇ ಪುಟದ ಚಿತ್ರ ಕಂಡರೆ ಕಳ್ಳ ಬಹುತೇಕ ಸಿಕ್ಕ ಹಾಗೆಯೇ. ಇಲ್ಲವಾದರೆ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಚಿತ್ರಗಳಿಗೆ ಅನುಮತಿ ಇದೆಯೇ ನೋಡಿ. ಹೊಸ ಯಂತ್ರದಲ್ಲಿ ತಾರೀಖು ತಪ್ಪಾಗಿರುವುದೂ ಉಂಟು. ಆಗ ಸರ್ವರ್‌ನ ಭದ್ರತಾ ಪ್ರಮಾಣಪತ್ರವನ್ನು (ಸರ್ವರ್ ಅಸಲಿ ಎಂದು ತೋರಿಸುವ ಡಿಜಿಟಲ್ ಗುರುತು) ಬ್ರೌಸರ್ ಒಪ್ಪದು, ಚಿತ್ರವೂ ಬಾರದು.

ಚಿತ್ರ ಬಂದೂ ಕಪ್ಪಾಗಿ, ಚೂರುಚೂರಾಗಿ ಕಂಡರೆ ಹಾರ್ಡ್‌ವೇರ್ ಆಕ್ಸಿಲರೇಷನ್ (ಚಿತ್ರ ಮೂಡಿಸುವ ಕೆಲಸವನ್ನು ಬ್ರೌಸರ್ ಗ್ರಾಫಿಕ್ಸ್ ಚಿಪ್‌ಗೆ ವಹಿಸುವ ಸೆಟ್ಟಿಂಗ್) ಆಫ್ ಮಾಡಿ, ಗ್ರಾಫಿಕ್ಸ್ ಡ್ರೈವರ್ (ಆ ಚಿಪ್ ಅನ್ನು ನಡೆಸುವ ತಂತ್ರಾಂಶ) ಅಪ್‌ಡೇಟ್ ಮಾಡಿ ನೋಡಿ.