ಸೊಂಟದ ಮೇಲೊಂದು ವೆಬಿನಾರ್

ರಸ್ತೆ ಗುಂಡಿಯಿಂದ ಕುತ್ತಿಗೆ, ಬೆನ್ನು ಎರಡೂ ಹೋಯಿತು, 50 ಲಕ್ಷ ಕೊಡಿ ಅಂತ 2025ರಲ್ಲಿ ಬೆಂಗಳೂರಿನವರೊಬ್ಬರು ಬಿಬಿಎಂಪಿಗೆ ನೋಟಿಸ್ ಕಳಿಸಿದ್ದರಲ್ಲ, ಆಗ ಎಷ್ಟೋ ಜನ ನಕ್ಕರು. ನನಗಂತೂ ಅವರು ಕಮ್ಮಿ ಕೇಳಿದರು ಅನಿಸಿತು. ಪಾಪ, ಗುಂಡಿ ಮಾಡುವುದು ಅರ್ಧ ಕೆಲಸ. ಮಿಕ್ಕಿದ್ದನ್ನು ಆಫೀಸಿನ ಕುರ್ಚಿ ಮುಗಿಸುತ್ತದೆ.

ಅಂಥದ್ದೇ ನೋಟಿಸಿಗೆ ಹೆದರಿಯೋ ಏನೋ, ನಮ್ಮ ಕಂಪನಿಗೂ ಬೆನ್ನಿನ ಮೇಲೆ ಕಾಳಜಿ ಹುಟ್ಟಿದೆ. ಎಚ್‌ಆರ್‌ನಿಂದ ಮೇಲ್ ಬಂತು. ಬೆನ್ನುನೋವು ತಡೆಯುವ ಬಗ್ಗೆ ವೆಬಿನಾರ್, ಮಧ್ಯಾಹ್ನ ಒಂದರಿಂದ ಎರಡು, ಕ್ಯಾಮೆರಾ ಆನ್ ಇರಲಿ, ಹಾಜರಿ ಕಡ್ಡಾಯ. ಊಟಕ್ಕೆ ಎದ್ದು ಹೋಗುವ ಆ ಒಂದು ಗಂಟೆಯನ್ನೂ ಕಿತ್ತುಕೊಂಡು, ಕೂರಿಸಿ, ಜಾಸ್ತಿ ಹೊತ್ತು ಕೂರಬೇಡಿ ಅಂತ ಹೇಳಿಕೊಟ್ಟರು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕಂತೆ. ಎದ್ದರೆ ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಯಾಗುತ್ತದೆ, ಹಳದಿಯಾದರೆ ಮ್ಯಾನೇಜರ್ ಮೆಸೇಜ್ ಬರುತ್ತದೆ: "ಇದ್ದೀರಾ?" ಇದ್ದೇವೆ ಸ್ವಾಮಿ, ಸೊಂಟ ಮಾತ್ರ ಇಲ್ಲ. ಕೊನೆಗೆ ಕ್ವಿಜ್ ಬೇರೆ. ಗೆದ್ದವರಿಗೆ ಬಹುಮಾನ ಏನು ಗೊತ್ತಾ? ಬೆನ್ನಿಗೆ ಇಟ್ಟುಕೊಳ್ಳುವ ದಿಂಬು. ಇನ್ನೂ ಸ್ವಲ್ಪ ಹೊತ್ತು ಕೂರಬಹುದು ನೋಡಿ.

ನಮ್ಮ ಹಳ್ಳಿ ಕಡೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಇತ್ತು. ಸೊಂಟ ಉಳುಕಿದರೆ, ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಹೋಗಿ ಒದೆಸಿಕೊಳ್ಳುವುದು. ಒದೆಯಿಂದ ನೋವು ಹೋಗುವುದಿಲ್ಲ, ಅದು ಬೇರೆ ಮಾತು. ಆದರೆ ಅವರ ಮನೆ ತನಕ ನಡೆಯಬೇಕಿತ್ತಲ್ಲ, ಅಷ್ಟು ಲಾಭ. ಕಂಪನಿಗಳು ಮಹಡಿಗೊಬ್ಬರಂತೆ ಇಂಥವರನ್ನು ನೇಮಿಸಬಹುದಿತ್ತು. ಏನು ಮಾಡುವುದು, ಅಪ್ರೈಸಲ್ ಟೈಮಲ್ಲಿ ಒದೆಯುವವರು ಈಗಾಗಲೇ ಇದ್ದಾರೆ, ಹುದ್ದೆ ಖಾಲಿ ಇಲ್ಲ.

ಇರಲಿ. ಡಾಕ್ಟರು ಹೇಳುವುದು ಸರಳ. ಮಾಮೂಲಿ ಬೆನ್ನುನೋವಿಗೆ ದಿನಗಟ್ಟಲೆ ಮಲಗಬೇಡಿ, ಓಡಾಡಿ. ಪಾದ ನೆಲಕ್ಕೆ ತಾಗಲಿ, ಸ್ಕ್ರೀನ್ ಕಣ್ಣಿನ ಮಟ್ಟಕ್ಕೆ ಬರಲಿ, ಆಗಾಗ ಏಳಿ. (ಕಾಲಲ್ಲಿ ಶಕ್ತಿ ಇಲ್ಲದಂತಾದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಸುಮ್ನೆ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ.) ಎದ್ದು ಓಡಾಡಲು ದುಡ್ಡು ಬೇಡ, ಟೈಮು ಬೇಕು ಅಷ್ಟೇ.

ಆ ಟೈಮಿನ ಮೇಲೇ ಎಲ್ಲರ ಕಣ್ಣು. 2024ರಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆ ಎಂಬ ಪ್ರಸ್ತಾಪ ಬಂತು, ಗಲಾಟೆಯಾಯಿತು. ಮರುವರ್ಷ ಇನ್ನೊಂದು: ಓವರ್‌ಟೈಮ್ ಸೇರಿ ದಿನಕ್ಕೆ 12 ಗಂಟೆ, ಮೂರು ತಿಂಗಳಿಗೆ 50 ಗಂಟೆ ಇದ್ದ ಓವರ್‌ಟೈಮ್ ಮಿತಿ 144ಕ್ಕೆ ಏರಲಿ ಅಂತ. ಉದ್ಯಮದ ದೊಡ್ಡವರೊಬ್ಬರು ವಾರಕ್ಕೆ 70 ಗಂಟೆ ದುಡಿಯಿರಿ ಎಂದರೆ, ಇನ್ನೊಬ್ಬರು 90 ಎಂದರು. ತಮಾಷೆ ಅಲ್ಲ ಕಣ್ರೀ ಇದು. ಮೂವತ್ತು ದಾಟುವ ಮೊದಲೇ ಬಗ್ಗಿ ಶೂ ಲೇಸ್ ಕಟ್ಟಲಾಗದ, ಮನೆಗೆ ಹೋಗಿ ಮಗು ಎತ್ತಿಕೊಳ್ಳಲಾಗದ ಹುಡುಗರನ್ನು ದಿನಾ ನೋಡುತ್ತೇನೆ. ಆರು ಗಂಟೆಗೆ ಅವರನ್ನು ಮನೆಗೆ ಬಿಡಿ. ಆಮೇಲೆ ಎಷ್ಟು ಬೇಕಾದರೂ ವೆಬಿನಾರ್ ಮಾಡಿಕೊಳ್ಳಿ, ಯಾರೂ ಬರುವುದಿಲ್ಲ.