84 ಸಾವಿರದ ಚಪ್ಪಲಿ ಕಚ್ಚುತ್ತದೆಯೇ?

ಹೊಸ ಕೊಲ್ಹಾಪುರಿ ಚಪ್ಪಲಿ ಕಚ್ಚುತ್ತದೆ. ಇದು ನಮ್ಮ ಧಾರವಾಡದ ಕಡೆ ಹುಟ್ಟಿದ ಎಲ್ಲರಿಗೂ ಗೊತ್ತು. ತಂದ ದಿನವೇ ಔಡಲೆಣ್ಣೆ ಹಚ್ಚಿ ರಾತ್ರಿಯಿಡೀ ಬಿಡಬೇಕು. ಆಮೇಲೂ ಹೆಬ್ಬೆರಳ ಸಂದಿಯಲ್ಲಿ ಗುಳ್ಳೆ ಏಳುತ್ತದೆ, ಎರಡು ದಿನ ಕುಂಟಬೇಕು. ಮೂರನೇ ವಾರಕ್ಕೆ ಅದು ನಮ್ಮ ಮಾತು ಕೇಳಲು ಶುರು ಮಾಡುತ್ತದೆ. ಅದನ್ನೇ ಮಾರಹೊರಟ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾದವರು ತಮ್ಮ ಗಿರಾಕಿಗಳಿಗೆ ಈ ವಿಷಯ ಹೇಳಿದ್ದಾರೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆ. 800 ಯೂರೋ ಕೊಟ್ಟ ಮಹಾಶಯ ಪ್ಯಾರಿಸ್ಸಿನಲ್ಲಿ ಕುಂಟುತ್ತಾ ನಿಂತರೆ ಔಡಲೆಣ್ಣೆ ಯಾರು ಕೊಡಬೇಕು?

ಕಥೆ ನಿಮಗೆ ಗೊತ್ತೇ ಇದೆ. 2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಪ್ರಾಡಾದ ಫ್ಯಾಷನ್ ಶೋದಲ್ಲಿ ಸಪೂರ ಹುಡುಗರು ನಮ್ಮ ಚಪ್ಪಲಿ ಮೆಟ್ಟಿ ನಡೆದರು. ಅದು ಬರೀ ‘ಲೆದರ್ ಸ್ಯಾಂಡಲ್’ ಎಂದರು. ನಾವು ಬೊಬ್ಬೆ ಹೊಡೆದೆವು. ಹೌದು, ಭಾರತದ್ದೇ ಸ್ಫೂರ್ತಿ ಎಂದು ಒಪ್ಪಿಕೊಂಡರು. ಡಿಸೆಂಬರ್ ಹೊತ್ತಿಗೆ ಎರಡು ಸರ್ಕಾರಿ ಚರ್ಮೋದ್ಯಮ ನಿಗಮಗಳ, ಅಂದರೆ ಮಹಾರಾಷ್ಟ್ರದ ಲಿಡ್ಕಾಮ್, ನಮ್ಮ ಲಿಡ್ಕರ್ ಜೊತೆ ಒಪ್ಪಂದವೂ ಆಯಿತು. ಎರಡೂ ರಾಜ್ಯಗಳಲ್ಲಿ 2,000 ಜೋಡಿ ಮಾಡಿಸಿ ಜಗತ್ತಿನ 40 ಅಂಗಡಿಗಳಲ್ಲಿ ಮಾರುತ್ತೇವೆ ಎಂದರು. ಜೋಡಿಗೆ ಸುಮಾರು 84 ಸಾವಿರ ರೂಪಾಯಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳಲಿ.

ಆ ಒಪ್ಪಂದದಲ್ಲಿ ನನಗೆ ಭಾಳ ಇಷ್ಟವಾದದ್ದು ತರಬೇತಿಯ ಮಾತು. ನಮ್ಮ ಕುಶಲಕರ್ಮಿಗಳಿಗೆ ತರಬೇತಿ ಕೊಡುತ್ತಾರೆ, ಕೆಲವರನ್ನು ಇಟಲಿಯ ತಮ್ಮ ಅಕಾಡೆಮಿಗೂ ಕರೆಸಿಕೊಳ್ಳುತ್ತಾರೆ. ಒಳ್ಳೆಯದೇ. ಮೊಳೆ ಮುಟ್ಟದೆ, ಬರೀ ಚರ್ಮದ ದಾರದಲ್ಲಿ ತಲೆತಲಾಂತರದಿಂದ ಹೊಲಿಯುತ್ತಾ ಬಂದವರಿಗೆ ಚಪ್ಪಲಿ ಹೊಲಿಯುವುದು ಹೇಗೆಂದು ಯಾರಾದರೂ ಹೇಳಿಕೊಡಬೇಕಲ್ಲ. ಮುಂದಿನ ವರ್ಷ ಖಡಕ್ ರೊಟ್ಟಿ ಬಡಿಯುವುದನ್ನು ಕಲಿಯಲು ನಮ್ಮ ಅತ್ತಿಗೆಯನ್ನೂ ಕಳಿಸೋಣ ಅಂತ ಇದ್ದೇನೆ.

ಇರಲಿ. ಅಣ್ಣನ ಮಗ ಮಿಲಾನ್‌ನಲ್ಲಿ ಓದುತ್ತಿದ್ದಾನೆ. ಮೊನ್ನೆ ಅವನ ಹತ್ತಿರ ಹೋಗಿದ್ದೆ. ಇಲ್ಲಿಯವರೆಗೆ ಬಂದಿದ್ದೇನೆ, ಆ ದೊಡ್ಡ ಲೇಬಲ್‌ಗಳ ಅಂಗಡಿಯೊಂದರ ಒಳಗೆ ಕಾಲಿಟ್ಟೇ ಹೋಗೋಣ ಎಂದೆ. ಹೊರಡುವಾಗ ಅವನ ಕಣ್ಣು ನನ್ನ ಕಾಲ ಮೇಲೆ ಬಿತ್ತು.

‘ಕಾಕಾ, ಆ ಚಪ್ಪಲ್ ಹಾಕ್ಕೊಂಡ ಬರಬ್ಯಾಡ್ರಿ.’

‘ಯಾಕಪಾ? ಇದನ್ನ ನೋಡೇ ಅವ್ರು ಕಲ್ತಿದ್ದು.’

ಮೊಂಟೆನಾಪೊಲಿಯೊನೆ ಎಂಬ ಬೀದಿ. ಅಂಗಡಿ ಬಾಡಿಗೆಯಲ್ಲಿ ಜಗತ್ತಿಗೇ ತುಟ್ಟಿ ಎಂದು 2024ರಲ್ಲಿ ಹೆಸರು ಮಾಡಿದ ಬೀದಿ. ನಾವು ಹೊಕ್ಕ ಅಂಗಡಿಯ ಹೆಸರು ಬೇಡ. ಬಾಗಿಲಲ್ಲಿ ಕರಿ ಸೂಟಿನ ಆಳೊಬ್ಬ ನಿಂತಿದ್ದ. ನನ್ನನ್ನು ತಲೆಯಿಂದ ಕೆಳಗೆ ನೋಡುತ್ತಾ ಬಂದು ಪಾದದ ಹತ್ತಿರ ಸ್ವಲ್ಪ ಹೊತ್ತು ನಿಂತ. ಒಳಗೆ ಗುಡಿಯ ಗರ್ಭಗೃಹದಷ್ಟು ಮೌನ. ಹೊಳೆಯುವ ಅಮೃತಶಿಲೆಯ ನೆಲ. ನಾನು ಒಂದು ಹೆಜ್ಜೆ ಇಟ್ಟೆ. ಕರ್ರ್ ಎಂದಿತು. ಇನ್ನೊಂದು ಇಟ್ಟೆ. ಕರ್ರ್. ಬ್ಯಾಗು ನೋಡುತ್ತಿದ್ದ ಹೆಂಗಸೊಬ್ಬಳು ತಿರುಗಿದಳು. ಹುಡುಗ ನನ್ನಿಂದ ಎರಡು ಮಾರು ದೂರ ಸರಿದು, ತಾನು ಬೇರೆ ದೇಶದವನು ಎಂಬಂತೆ ಪರ್ಸು ನೋಡತೊಡಗಿದ.

ಇಡೀ ಗೋಡೆಗೆ ನಾಲ್ಕೇ ವಸ್ತು. ನಮ್ಮಲ್ಲಿ ಅಷ್ಟು ಜಾಗ ಸಿಕ್ಕರೆ ಮೇಲಿಂದ ಕೆಳಗಿನವರೆಗೆ ಡಬ್ಬಿ ಒಟ್ಟಿ, ಏಣಿ ಹಾಕಿ ಹುಡುಗನನ್ನು ಹತ್ತಿಸಿರುತ್ತಿದ್ದರು. ಒಂದು ಕಡೆ ಚರ್ಮದ ಸ್ಯಾಂಡಲ್ ಇತ್ತು. ಒಂದೇ ಕಾಲಿನದು. ಗಾಜಿನ ಹಲಗೆಯ ಮೇಲೆ, ದೀಪದ ಕೆಳಗೆ, ಸ್ವಾಮಿಗಳ ಪಾದುಕೆಯ ಹಾಗೆ.

ನಮ್ಮವರಿಗೂ ಈ ಉಪಾಯ ಗೊತ್ತು. ಸಿದ್ಧಾರೂಢ ಮಠದ ಜಾತ್ರೆಗೆ ಹೋದವರು ಎರಡೂ ಚಪ್ಪಲಿಯನ್ನು ಒಂದೇ ಕಡೆ ಬಿಡುವುದಿಲ್ಲ. ಬಲಗಾಲಿನದು ಈ ಮೂಲೆಗೆ, ಎಡಗಾಲಿನದು ಆ ಮೂಲೆಗೆ. ಕಳ್ಳನಿಗೆ ಜೋಡಿ ಹುಡುಕಲು ವ್ಯವಧಾನ ಇರುವುದಿಲ್ಲ ಎಂಬುದು ಶಾಸ್ತ್ರ. ನಮ್ಮ ಸೋದರಮಾವ ಒಮ್ಮೆ ಎರಡನೆಯದನ್ನು ಎಲ್ಲಿ ಬಿಟ್ಟೆ ಎಂಬುದನ್ನೇ ಮರೆತ. ಎಲ್ಲ ಭಕ್ತರೂ ಹೋಗುವ ತನಕ, ಅಂದರೆ ರಾತ್ರಿ ಹನ್ನೊಂದರವರೆಗೆ, ಕಾದ. ಕೊನೆಗೆ ಉಳಿದದ್ದು ಇನ್ನೂ ಮೂರು ಒಂಟಿ ಚಪ್ಪಲಿ, ಇನ್ನೂ ಮೂವರು ಮರೆವಿನ ಭಕ್ತರು. ಒಂದೂ ಇವನ ಕಾಲಿಗೆ ಆಗಲಿಲ್ಲ. 84 ಸಾವಿರದ್ದನ್ನು ಮೆಟ್ಟಿ ಗುಡಿಗೆ ಹೋಗುವವನ ಗತಿ ನೆನೆಸಿಕೊಳ್ಳಿ. ಮಂಗಳಾರತಿ ಹೊತ್ತಿಗೆ ಅವನ ಜೀವ ಹೊರಗೇ ಇರುತ್ತದೆ. ಇನ್ನು ಜಗಳದಲ್ಲಿ ಯಾರಾದರೂ ‘ಚಪ್ಪಲೀಲೆ ಹೊಡೀತೀನಿ’ ಎಂದರೆ ಮೊದಲು ಯಾವ ಕಂಪನಿಯದು ಎಂದು ಕೇಳಿಕೊಳ್ಳಬೇಕು.

ಕೈಗವಸು ತೊಟ್ಟ ಹುಡುಗಿ ಬಂದು ಎರಡೂ ಕೈಯಲ್ಲಿ ಅದನ್ನೆತ್ತಿ ತೋರಿಸಿದಳು. ಬೆಲೆ ಕೇಳಿದೆ. 750 ಯೂರೋ. ‘ಕಡೀಗೆ ಎಷ್ಟಕ್ಕ ಕೊಡ್ತಾಳ ಕೇಳು’ ಎಂದೆ. ಹುಡುಗ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದ.

ಇದೇ ಪ್ರಾಡಾ 2025ರ ನವೆಂಬರಿನಲ್ಲಿ ಒಂದು ಸೇಫ್ಟಿ ಪಿನ್ನಿಗೆ ಬಣ್ಣದ ದಾರ ಸುತ್ತಿ 775 ಡಾಲರ್ ಬೆಲೆ ಹಾಕಿತ್ತಲ್ಲ, ನೆನಪಿದೆಯಾ? ನಮ್ಮವ್ವನ ತಾಳಿಸರದಲ್ಲಿ ಯಾವಾಗಲೂ ನಾಲ್ಕು ಪಿನ್ನು ತೂಗುತ್ತಿದ್ದವು. ಎರಡು ಮುಕ್ಕಾಲು ಲಕ್ಷದ ಹತ್ತಿರ ಆಯಿತು. ಅಪ್ಪ ಮಾಡಿಸಿಕೊಟ್ಟ ಬಂಗಾರಕ್ಕಿಂತ ಜಾಸ್ತಿ.

ಗಡಿ ವಿಷಯಕ್ಕೆ ಬರದಿದ್ದರೆ ಬೆಳಗಾವಿಯವರು ನನ್ನನ್ನು ಬಿಡುವುದಿಲ್ಲ. ಈ ಚಪ್ಪಲಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಇಂಥ ಸೀಮೆಯದೇ ಎಂಬ ಕಾನೂನಿನ ಗುರುತು, ಸಿಕ್ಕಾಗ ಎಂಟು ಜಿಲ್ಲೆ ಸೇರಿಸಿದರು. ನಾಲ್ಕು ಮಹಾರಾಷ್ಟ್ರದವು. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ನಮ್ಮವು. ಹೊಲ ಅರ್ಧ ಅರ್ಧ, ಉತಾರದಲ್ಲಿ ಹೆಸರು ಮಾತ್ರ ಕೊಲ್ಹಾಪುರದ್ದು. ಒಂದಿಂಚು ನೆಲ ಬಿಡೆವು ಎಂದು ಬಸ್ಸಿಗೆ ಮಸಿ ಬಳಿಯುವ ನಮ್ಮ ಶೂರರು, ಅಥಣಿಯಲ್ಲಿ ಹೊಲಿದ ಚಪ್ಪಲಿ ಪಕ್ಕದೂರಿನ ಹೆಸರಲ್ಲಿ ಮಾರಾಟವಾಗುವಾಗ ಎಲ್ಲಿದ್ದರೋ. ಇಟಲಿಯವರು ಮುಟ್ಟಿದ ಮೇಲೆ ಎಲ್ಲರಿಗೂ ಎಚ್ಚರವಾಯಿತು.

ಎಚ್ಚರವಾದವರು ಹಾಕಿದ ಪೋಸ್ಟುಗಳನ್ನು ನೋಡಿದ್ದೀರಿ. ‘ನಮ್ಮ ಪರಂಪರೆ, ನಮ್ಮ ಹೆಮ್ಮೆ.’ ಯಾರ ಪರಂಪರೆ ರೀ? ನಮ್ಮ ಮನೆಗೆ ಚಪ್ಪಲಿ ತರುತ್ತಿದ್ದ ಸಮಗಾರ ಮುದುಕ ಅಂಗಳದಲ್ಲೇ ನಿಲ್ಲುತ್ತಿದ್ದ. ಕಟ್ಟೆ ಹತ್ತುತ್ತಿರಲಿಲ್ಲ. ತನ್ನ ಚಪ್ಪಲಿಯನ್ನು ಓಣಿಯ ಬಾಯಲ್ಲೇ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದ. ಊರಿಗೆಲ್ಲ ಚಪ್ಪಲಿ ಹೊಲಿದವನು. ಅಜ್ಜಿ ದುಡ್ಡನ್ನು ಅವನ ಕೈಗೆ ಕೊಡುತ್ತಿರಲಿಲ್ಲ. ಮೆಟ್ಟಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಶ್ರಾವಣದ ಪುರಾಣದಲ್ಲಿ ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕಥೆ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದವಳೂ ಅದೇ ಅಜ್ಜಿ. ಪ್ರಾಡಾದವರು ಭಾರತದ ಹೆಸರು ಹೇಳದೆ ಇದ್ದದ್ದು ಹೆಚ್ಚೆಂದರೆ ಒಂದು ವಾರ. ಆ ಮುದುಕ ವರ್ಷಗಟ್ಟಲೆ ಬಂದ. ಅವನ ಹೆಸರು ಏನೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇನ್ನು ಏನಂತ ಬೈಯುವುದು ಆ ಇಟಲಿಯವರನ್ನು?

ಅವರೂ ಸಾಚಾಗಳೇನಲ್ಲ ಬಿಡಿ. ಮಿಲಾನ್ ಕೋರ್ಟಿನ ಮುಂದೆ 2024ರಲ್ಲಿ ಬಂದ ಇನ್ನೊಂದು ಇಟಲಿ ಕಂಪನಿಯ ಪ್ರಕರಣದ ಲೆಕ್ಕ ಹೀಗಿತ್ತು: ಹೊಲಿದುಕೊಟ್ಟ ವರ್ಕ್‌ಶಾಪಿಗೆ ಬ್ಯಾಗೊಂದಕ್ಕೆ ಸಿಕ್ಕಿದ್ದು 93 ಯೂರೋ, ಗಾಜಿನ ಹಲಗೆಯ ಮೇಲೆ ಅದರ ಬೆಲೆ 1,800.

ಸಂಜೆ ಹುಡುಗ ಗ್ಯಾಲರಿಯಾಕ್ಕೆ ಕರೆದೊಯ್ದ. ಗಾಜಿನ ಮಾಡಿನ ಹಳೇ ಬಜಾರು. 1913ರಲ್ಲಿ ಪ್ರಾಡಾ ಮೊದಲ ಅಂಗಡಿ ತೆರೆದದ್ದು ಇಲ್ಲೇ. ನಡುವೆ ನೆಲದ ಮೇಲೆ ಬಣ್ಣದ ಕಲ್ಲಿನ ಹೋರಿಯ ಚಿತ್ರವಿದೆ. ಅದರ ಬೀಜದ ಜಾಗದಲ್ಲಿ ಹಿಮ್ಮಡಿ ಊರಿ ಮೂರು ಸುತ್ತು ತಿರುಗಿದರೆ ಅದೃಷ್ಟ ಎಂದು ನಂಬಿಕೆ. ತಿರುಗಿ ತಿರುಗಿ ಅಲ್ಲಿ ಗುಂಡಿಯೇ ಬಿದ್ದಿದೆ. ಸೂಟು ಬೂಟಿನವರೂ ಸಾಲಲ್ಲಿ ನಿಂತಿದ್ದರು. ಮೂಢನಂಬಿಕೆಯಲ್ಲಿ ನಾವೇ ಮುಂದು ಎಂಬ ನನ್ನ ಹೆಮ್ಮೆ ಮುರಿಯಿತು. ನಾನೂ ತಿರುಗಿದೆ. ಎರಡನೇ ಸುತ್ತಿಗೆ ಹೆಬ್ಬೆರಳಿನ ಕುಣಿಕೆ ಕಿತ್ತುಬಂತು.

ಕಾಲೆಳೆಯುತ್ತಾ ಒಂದು ಸಣ್ಣ ಓಣಿಗೆ ಹೋದೆವು. ಚಪ್ಪಲಿ ರಿಪೇರಿಯ ಅಂಗಡಿ. ಬೋರ್ಡಿತ್ತು, ರೇಡಿಯೋ ಹಾಡುತ್ತಿತ್ತು. ಕನ್ನಡಕದ ಮುದುಕ ಚಪ್ಪಲಿಯನ್ನು ತಿರುವಿ ಹಾಕಿ ಅಂಚಿನ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿದ. ಮೊಳೆ ಹುಡುಕಿದ, ಸಿಗಲಿಲ್ಲ. ಮತ್ತೆ ತಿರುವಿದ. ‘ಬೆಲ್ಲೊ’ ಎಂದ.

‘ಚೊಲೊ ಐತಿ ಅನ್ನಾಕತ್ತಾನ’ ಎಂದ ಹುಡುಗ.

ಹತ್ತು ನಿಮಿಷದಲ್ಲಿ ಹೊಲಿದುಕೊಟ್ಟ. 15 ಯೂರೋ. ಸಾವಿರದೈನೂರರ ಮೇಲಾಯಿತು. ಆ ಜೋಡಿಗೆ ಅಥಣಿಯಲ್ಲಿ ಹೊಲಿದವನು ಎಂಟುನೂರು ರೂಪಾಯಿ ಹೇಳಿದ್ದ. ನಾನು ಅರ್ಧ ತಾಸು ಚೌಕಾಸಿ ಮಾಡಿ ಆರುನೂರೈವತ್ತಕ್ಕೆ ಇಳಿಸಿದ್ದೆ. ಇಲ್ಲಿ ಬಾಯಿ ಬಿಡಲಿಲ್ಲ. ಎಣಿಸಿ ಮುದುಕನ ಕೈಗೇ ಕೊಟ್ಟೆ.